ಹಳೆಯ ಸೈಟ್ ಮುಚ್ಚುವ ಮುಂಚೆ ಏನೇನು ಉಳಿಸಿಕೊಳ್ಳಬೇಕು?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿಯೊಂದರ ವೆಬ್‌ಸೈಟ್ ನೋಡಿಕೊಳ್ಳುತ್ತೇನೆ. ಫಿಸಿಯೋಥೆರಪಿ, ರೇಡಿಯೋಗ್ರಫಿಯಂಥ ವೃತ್ತಿಯವರ ನೋಂದಣಿ, ನೀತಿ ಸಂಹಿತೆ, ದೂರುಗಳ ವಿಚಾರಣೆ ಎಲ್ಲ ನಮ್ಮಲ್ಲೇ. ಮುಂದಿನ ತಿಂಗಳು ಹೊಸ ಸೈಟಿಗೆ ಹೋಗುತ್ತಿದ್ದೇವೆ, ಹಳೆಯದನ್ನು ಆರ್ಕೈವ್ ಮಾಡಿ ಅಂದಿದ್ದಾರೆ. ಸರ್ವರ್ ಬ್ಯಾಕಪ್ ಇದೆ, ಹಳೆಯ ವೆಬ್ ಪುಟಗಳ ಪ್ರತಿ ಇಡುವ ವೇಬ್ಯಾಕ್ ಮಷಿನ್‌ನಲ್ಲೂ ಕೆಲವು ಪುಟಗಳಿವೆ. ಅಷ್ಟು ಸಾಲದೇ ಸರ್?

ಉತ್ತರ: ಸಾಲದು ಮೇಡಂ. ಬ್ಯಾಕಪ್ ಇರುವುದು ಕೆಟ್ಟ ಸೈಟನ್ನು ಮತ್ತೆ ಎಬ್ಬಿಸಲು. ಹತ್ತು ವರ್ಷ ಬಿಟ್ಟು ತೆರೆಯಬೇಕೆಂದರೆ ಅದೇ ಡೇಟಾಬೇಸ್, ಅದೇ ಹಳೆಯ ಸಾಫ್ಟ್‌ವೇರ್ ಹುಡುಕಿಕೊಂಡು ಅಲೆಯಬೇಕು. ವೇಬ್ಯಾಕ್‌ನಲ್ಲಿ ಯಾವ ಪುಟ ಇದೆ, ಯಾವುದು ಬಿಟ್ಟುಹೋಗಿದೆ ಎನ್ನುವುದಕ್ಕೆ ಯಾರೂ ಹೊಣೆಯಲ್ಲ. ನೀವೇ ಕ್ರಾಲ್ ಮಾಡಿ, ಅಂದರೆ ಲಿಂಕ್ ಹಿಡಿದು ಹೋಗಿ ಪುಟಗಳನ್ನು ಇಳಿಸಿಕೊಳ್ಳುವ ಸಾಫ್ಟ್‌ವೇರ್ ಓಡಿಸಿ, ವಾರ್ಕ್ (WARC) ಎಂಬ ವೆಬ್ ಆರ್ಕೈವ್ ಕಡತದಲ್ಲಿಡಿ. ಅದು 2009ರಲ್ಲಿ ಐಎಸ್ಒ 28500 ಎಂದು ಮಾನಕವಾದದ್ದು. ಪುಟದ ಜೊತೆಗೆ ಸರ್ವರ್ ಕೊಟ್ಟ ಹೆಡರ್‌ಗಳು (ಪುಟದ ಬಗೆ, ದಿನಾಂಕದಂಥ ವಿವರ), ಹಿಡಿದ ದಿನ, ಗಳಿಗೆ ಎಲ್ಲ ಅದರಲ್ಲಿ ದಾಖಲಾಗುತ್ತದೆ. ಸಾದಾ ಪುಟಗಳಿಗೆ ಹೆರಿಟ್ರಿಕ್ಸ್ ಎಂಬ ಕ್ರಾಲ್ ಸಾಫ್ಟ್‌ವೇರ್ ಸಾಕು, ಜಾವಾಸ್ಕ್ರಿಪ್ಟ್ ಜಾಸ್ತಿಯಿದ್ದರೆ ಬ್ರೌಸರ್‌ಟ್ರಿಕ್ಸ್ ಬಳಸಿ.

ಆದರೆ ಮೊದಲು ನೀತಿ ಸಂಹಿತೆಯ ಹಳೆಯ ಆವೃತ್ತಿಗಳನ್ನು ಹುಡುಕಿ. ಇಂದು ವಿಚಾರಣೆಗೆ ಬರುವ ದೂರು ಐದು ವರ್ಷದ ಹಿಂದಿನ ನಡವಳಿಕೆಯದಾಗಿರಬಹುದು. ಆಗ ಜಾರಿಯಲ್ಲಿದ್ದ ನಿಯಮ ಏನೆಂದು ತೋರಿಸದೆ ಅದನ್ನು ತೂಗುವುದು ಹೇಗೆ? ಬಹಳಷ್ಟು ಕಚೇರಿಗಳಲ್ಲಿ ಹೊಸ ಪಿಡಿಎಫನ್ನು ಹಳೆಯ ಹೆಸರಿನಲ್ಲೇ ಅಪ್‌ಲೋಡ್ ಮಾಡಿರುತ್ತಾರೆ. ವಿಳಾಸ ಅದೇ, ಒಳಗಿನದು ಬೇರೆ. ಕ್ರಾಲ್ ಮಾಡಿದರೆ ಇವತ್ತಿನದಷ್ಟೇ ಸಿಗುತ್ತದೆ. ಹಳೆಯವನ್ನು ಸಭೆಯ ಕಡತಗಳಿಂದ, ಮುದ್ರಣಕ್ಕೆ ಕಳಿಸಿದ ಮೇಲ್‌ಗಳಿಂದ ಹೆಕ್ಕಿ, ಜಾರಿಗೆ ಬಂದ ದಿನ, ರದ್ದಾದ ದಿನ ಬರೆದಿಡಿ.

ಇಂಗ್ಲೆಂಡಿನ ಸೋಶಿಯಲ್ ವರ್ಕರ್‌ಗಳ ನೋಂದಣಿಯನ್ನೇ ನೋಡಿ. 2012ರ ಆಗಸ್ಟ್ 1ರಂದು ಅದು ಜನರಲ್ ಸೋಶಿಯಲ್ ಕೇರ್ ಕೌನ್ಸಿಲ್‌ನಿಂದ ಹೆಲ್ತ್ ಅಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ಗೆ ಹೋಯಿತು. 2019ರ ಡಿಸೆಂಬರ್ 2ರಂದು ಸೋಶಿಯಲ್ ವರ್ಕ್ ಇಂಗ್ಲೆಂಡ್‌ಗೆ ಬಂತು. ಒಂದೇ ವೃತ್ತಿ, ಎಂಟು ವರ್ಷದೊಳಗೆ ಮೂರು ಸಂಸ್ಥೆ. ಮುಚ್ಚಿದ ಸಂಸ್ಥೆಯ ಸೈಟನ್ನು ಯಾರಾದರೂ ಹಿಡಿದಿಡದಿದ್ದರೆ ಅಂದಿನ ನಿಯಮ ಓದಲು ಜನ ಎಲ್ಲಿಗೆ ಹೋಗಬೇಕು?

ಮರುಪ್ರಶ್ನೆ: ಕ್ರಾಲ್ ಮಾಡಿ ನೋಡಿದೆ ಸರ್. ನೋಂದಾಯಿತರನ್ನು ಹುಡುಕುವ ಪುಟದಲ್ಲಿ ಹೆಸರು ಹಾಕಿದರೆ ಏನೂ ಬರುತ್ತಿಲ್ಲ.

ಉತ್ತರ: ಬರುವುದಿಲ್ಲ. ಕ್ರಾಲರ್ ಲಿಂಕ್ ಹಿಡಿದು ಹೋಗುತ್ತದೆ, ಹುಡುಕುವ ಪೆಟ್ಟಿಗೆಯಲ್ಲಿ ಒಬ್ಬೊಬ್ಬರ ಹೆಸರು ಟೈಪ್ ಮಾಡುವುದಿಲ್ಲ. ಬರದಿರುವುದೇ ಒಳ್ಳೆಯದು ಎನ್ನುತ್ತೇನೆ. ಹಳೆಯ ಪ್ರತಿಯಲ್ಲಿ ‘ನೋಂದಣಿ ಚಾಲ್ತಿಯಲ್ಲಿದೆ’ ಎಂದು ಕಾಣುವವರನ್ನು ಆಮೇಲೆ ಪಟ್ಟಿಯಿಂದ ತೆಗೆದಿರಬಹುದು. ರೋಗಿಯೊಬ್ಬರು ಅದನ್ನು ನಂಬಿ ಅವರಲ್ಲಿಗೇ ಹೋದರೆ? ನೋಂದಣಿ ಪಟ್ಟಿಯನ್ನು ಡೇಟಾಬೇಸಿನಿಂದ ತೆಗೆದು, ದಿನಾಂಕ ಹಾಕಿ, ಕಚೇರಿಯ ದಾಖಲೆಯಾಗಿ ಬೇರೆಯೇ ಇಡಿ. ಆರ್ಕೈವ್‌ನ ಪ್ರತಿ ಪುಟದ ಮೇಲೂ ‘ಇದು ಹಳೆಯ ಪ್ರತಿ’ ಎಂಬ ಸೂಚನೆ, ಹಿಡಿದ ದಿನ, ಈಗಿನ ನೋಂದಣಿ ಪುಟದ ಲಿಂಕ್ ಇರಲಿ.

ಇನ್ನೊಬ್ಬ ಸದಸ್ಯರು: ಶಿಸ್ತುಕ್ರಮದ ಆದೇಶಗಳನ್ನೂ ಇಡಬೇಕೇ? ನಮ್ಮಲ್ಲಿ ಅವಧಿ ಮುಗಿದ ಮೇಲೆ ತೆಗೆದುಬಿಡುತ್ತೇವೆ.

ಉತ್ತರ: ಈ ಕೆಲಸದಲ್ಲಿ ನನಗೆ ಅತಿ ಕಷ್ಟವೆನಿಸುವುದು ಇದೇ. ಆರು ತಿಂಗಳ ಅಮಾನತು ಮುಗಿಸಿ ಮತ್ತೆ ಕೆಲಸಕ್ಕೆ ಬಂದವರ ಹೆಸರನ್ನು ಆರ್ಕೈವ್ ಜೀವನಪೂರ್ತಿ ಹೊತ್ತು ತಿರುಗುವಂತಾಗಬಾರದು. ಹಾಗೆಂದು ಆದೇಶಗಳನ್ನು ಅಳಿಸಿದರೆ ಮಂಡಳಿ ತನ್ನ ಅಧಿಕಾರವನ್ನು ಹೇಗೆ ಬಳಸಿತು ಎನ್ನುವುದಕ್ಕೆ ಸಾಕ್ಷಿಯೇ ಉಳಿಯದು. ಎರಡು ಪ್ರತಿ ಮಾಡಿ: ಪೂರ್ತಿಯಾದದ್ದು ಬೀಗದೊಳಗೆ, ಆದೇಶಗಳನ್ನು ಬಿಟ್ಟದ್ದು ಸಾರ್ವಜನಿಕರಿಗೆ. ಯಾವ ಅವಧಿಯ ನಂತರ ಯಾರು ನೋಡಬಹುದು ಎನ್ನುವುದನ್ನು ಮಂಡಳಿಯ ಕಾನೂನು ವಿಭಾಗ ಲಿಖಿತವಾಗಿ ಹೇಳಲಿ, ನೀವು ಊಹಿಸಬೇಡಿ.

ರೋಗಿಗಳ ಹೆಸರಿಗೆ ಕಪ್ಪು ಬಳಿದ ಪಿಡಿಎಫ್‌ಗಳನ್ನು ಒಂದೊಂದಾಗಿ ತೆರೆದು, ಆ ಕಪ್ಪು ಭಾಗವನ್ನು ಸೆಲೆಕ್ಟ್ ಮಾಡಿ, ಕಾಪಿ ಮಾಡಿ ನೋಟ್‌ಪ್ಯಾಡಿಗೆ ಪೇಸ್ಟ್ ಮಾಡಿ. ಎಷ್ಟೋ ಸಲ ಹೆಸರು ಅಲ್ಲಿ ಪೂರ್ತಿ ಬಂದುಬಿಡುತ್ತದೆ. ಕಪ್ಪು ಪಟ್ಟಿ ಮೇಲೆ ಮಾತ್ರ, ಅಕ್ಷರ ಕೆಳಗೆ ಹಾಗೇ.

ಮರುಪ್ರಶ್ನೆ: ಎಲ್ಲ ಸರಿಯಾಗಿ ಬಂದಿದೆ ಎಂದು ತಿಳಿಯುವುದು ಹೇಗೆ?

ಉತ್ತರ: ಇಂಟರ್ನೆಟ್ ತೆಗೆದ ಕಂಪ್ಯೂಟರಿನಲ್ಲಿ ತೆರೆಯಿರಿ. ಸಂಪರ್ಕವಿದ್ದರೆ ಆರ್ಕೈವ್ ಪುಟ ಒಮ್ಮೊಮ್ಮೆ ಈಗಿನ ಸೈಟಿನಿಂದಲೇ ಚಿತ್ರ, ಪ್ರಕಟಣೆ ಎಳೆದುಕೊಂಡು ಸರಿಯಾಗಿದ್ದಂತೆ ತೋರಿಸುತ್ತದೆ. ತಂತಿ ಕಿತ್ತಾಗ ಖಾಲಿ ಕಾಣುವ ಜಾಗಗಳನ್ನು ಬರೆದುಕೊಂಡು, ಹಳೆಯ ಸೈಟ್ ಇರುವಾಗಲೇ ಅವನ್ನು ಮತ್ತೆ ಹಿಡಿಯಿರಿ.