ಸಣ್ಣ ಪ್ರಕಾಶನ ಕಚೇರಿಯ ವಿಂಡೋಸ್ ಸರ್ವರ್ ಬದಲಿಗೆ ಲಿನಕ್ಸ್: ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ಧಾರವಾಡದ ನಮ್ಮ ಪ್ರಕಾಶನ ಕಚೇರಿಯಲ್ಲಿ ಹನ್ನೆರಡು ಕಂಪ್ಯೂಟರುಗಳಿದ್ದು, ಎಲ್ಲವೂ ವಿಂಡೋಸ್ ಸರ್ವರ್ 2012 ಆರ್2 ಇರುವ ಒಂದೇ ಯಂತ್ರವನ್ನು ಅವಲಂಬಿಸಿವೆ. 2023ರ ಅಕ್ಟೋಬರ್ 10ಕ್ಕೆ ಅದರ ಉಚಿತ ಭದ್ರತಾ ಪರಿಷ್ಕರಣೆಗಳು ನಿಂತುಹೋದವು. ಹೊಸ ಪರವಾನಗಿಗೂ ಪ್ರತಿ ಬಳಕೆದಾರರ ಸಿಎಎಲ್‌ಗೂ (ಸರ್ವರ್ ಬಳಸುವ ಹಕ್ಕಿನ ಪರವಾನಗಿ) ಹಣ ಹಾಕುವ ಬದಲು ಡೆಬಿಯನ್ ಎಂಬ ಲಿನಕ್ಸ್ ಮತ್ತು ಲಿನಕ್ಸ್‌ನಿಂದ ವಿಂಡೋಸ್ ಕಂಪ್ಯೂಟರುಗಳಿಗೆ ಕಡತ, ಲಾಗಿನ್ ಸೇವೆ ಒದಗಿಸುವ ಸಾಂಬಾ ತಂತ್ರಾಂಶ ಬಳಸಬೇಕೆಂದಿದ್ದೇವೆ. ಸರ್ವರ್ ಮಾಡುತ್ತಿರುವ ಕೆಲಸ ನಾಲ್ಕು ಬಗೆಯದು: ಕಡತಗಳ ಹಂಚಿಕೆ, ಲಾಗಿನ್, ಮುದ್ರಣ ಮತ್ತು ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ. ಕೆಲಸ ನಿಲ್ಲದಂತೆ ಇದನ್ನು ಹೇಗೆ ಬದಲಾಯಿಸಬಹುದು?

ಉತ್ತರ 1

ನಾಲ್ಕನ್ನೂ ಒಂದೇ ದಿನ ಬದಲಾಯಿಸಲು ದಯವಿಟ್ಟು ಹೋಗಬೇಡಿ. ಟ್ಯಾಲಿ ವಿಂಡೋಸ್‌ಗಾಗಿಯೇ ರೂಪುಗೊಂಡ ತಂತ್ರಾಂಶವಾದ್ದರಿಂದ ಅದನ್ನೂ ಅದರ ದತ್ತಾಂಶವನ್ನೂ ಲೆಕ್ಕ ವಿಭಾಗದ ಒಂದು ವಿಂಡೋಸ್ ಕಂಪ್ಯೂಟರಿನಲ್ಲೇ ಇರಿಸಿ, ಬ್ಯಾಕಪ್ ಮಾತ್ರ ಲಿನಕ್ಸ್ ಸರ್ವರಿಗೆ ಬರುವಂತೆ ಮಾಡಿ. ಮೊದಲು ಸಾಗಿಸಬೇಕಾದದ್ದು ಕಡತಗಳ ಹಂಚಿಕೆಯನ್ನು. ಹೊಸ ಯಂತ್ರವನ್ನು ಈಗಿನ ಡೊಮೇನಿಗೆ (ಒಂದೇ ಲಾಗಿನ್ ವ್ಯವಸ್ಥೆಯಡಿ ಇರುವ ಕಂಪ್ಯೂಟರುಗಳ ಗುಂಪಿಗೆ) ಸದಸ್ಯ ಸರ್ವರ್ ಆಗಿ, ಅಂದರೆ ಲಾಗಿನ್ ಪರಿಶೀಲನೆಯನ್ನು ಹಳೆಯ ಸರ್ವರಿಗೇ ಬಿಟ್ಟು, ಸೇರಿಸಿದರೆ ಸಿಬ್ಬಂದಿ ಹಳೆಯ ಗುಪ್ತಪದದಿಂದಲೇ ಕಡತಗಳನ್ನು ತೆರೆಯಬಹುದು. ಬಿಟಿಆರ್‌ಎಫ್‌ಎಸ್ ಅಥವಾ ಜಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಗಳ ಸ್ನ್ಯಾಪ್‌ಶಾಟ್‌ಗಳ (ಆಯಾ ಕ್ಷಣದ ಕಡತಗಳ ಸ್ಥಿತಿಯ ದಾಖಲೆಗಳ) ಜೊತೆಗೆ ಸಾಂಬಾದ ಶ್ಯಾಡೋ ಕಾಪಿ ಮಾಡ್ಯೂಲ್ ಹಾಕಿದರೆ, ವಿಂಡೋಸ್‌ನಲ್ಲಿ ಬಲ ಕ್ಲಿಕ್ ಮಾಡಿ ಕಡತದ ಹಿಂದಿನ ಆವೃತ್ತಿಯನ್ನು ಮರಳಿ ಪಡೆಯುವ ಸೌಲಭ್ಯವೂ ಉಳಿಯುತ್ತದೆ. ಕರಡು ತಿದ್ದುವ ಕಚೇರಿಗೆ ಇದು ಬಹಳ ಮುಖ್ಯ.

ಉತ್ತರ 2

ಮೇಲಿನ ಸಲಹೆಯನ್ನು ಒಪ್ಪುತ್ತೇನೆ, ಆದರೆ ಸದಸ್ಯ ಸರ್ವರ್ ಮಾತ್ರ ಇದ್ದರೆ ಲಾಗಿನ್ ಇನ್ನೂ ಆ ಹಳೆಯ ಯಂತ್ರದ ಮೇಲೆಯೇ ನಿಂತಿರುತ್ತದೆ. ಸಾಂಬಾ 2012ರ ಕೊನೆಯಲ್ಲಿ ಬಂದ 4.0 ಆವೃತ್ತಿಯಿಂದಲೇ ಆ್ಯಕ್ಟಿವ್ ಡೈರೆಕ್ಟರಿಯ (ವಿಂಡೋಸ್‌ನ ಬಳಕೆದಾರ ಖಾತೆಗಳ ವ್ಯವಸ್ಥೆಯ) ಡೊಮೇನ್ ಕಂಟ್ರೋಲರ್, ಅಂದರೆ ಲಾಗಿನ್ ಪರಿಶೀಲಿಸುವ ಸರ್ವರ್, ಆಗಬಲ್ಲದು. ಹೊಸ ಕಂಟ್ರೋಲರನ್ನು ಹಳೆಯದರ ಜೊತೆಗೆ ಸೇರಿಸಿ, ಎಫ್‌ಎಸ್‌ಎಂಒ ಪಾತ್ರಗಳನ್ನು (ಒಂದು ಸಲಕ್ಕೆ ಒಂದೇ ಕಂಟ್ರೋಲರ್ ವಹಿಸಬಲ್ಲ ವಿಶೇಷ ಹೊಣೆಗಳನ್ನು), ಅಂದರೆ ಎಲ್ಲರೂ ಹೇಳುವ ಐದರ ಜೊತೆಗೆ ಡಿಎನ್ಎಸ್‌ಗೆ (ಹೆಸರಿನಿಂದ ಯಂತ್ರದ ವಿಳಾಸ ಹುಡುಕುವ ಸೇವೆಗೆ) ಸೇರಿದ ಎರಡನ್ನೂ, ವರ್ಗಾಯಿಸಿದ ಮೇಲೆಯೇ ಹಳೆಯದನ್ನು ಕ್ರಮಬದ್ಧವಾಗಿ ಇಳಿಸಬೇಕು. ಸೇರಿಸುವ ಮುನ್ನ ಡೊಮೇನಿನ ಫಂಕ್ಷನಲ್ ಲೆವೆಲ್ (ಅದು ಯಾವ ವಿಂಡೋಸ್ ಸರ್ವರ್ ಆವೃತ್ತಿಯ ಮಟ್ಟದಲ್ಲಿದೆ ಎಂಬುದು) ಸಾಂಬಾಗೆ ಹೊಂದುತ್ತದೆಯೇ ಎಂದು ನೋಡಿಕೊಳ್ಳಿ. ಗ್ರೂಪ್ ಪಾಲಿಸಿಗಳು (ಎಲ್ಲ ಕಂಪ್ಯೂಟರುಗಳಿಗೂ ಒಟ್ಟಿಗೆ ಅನ್ವಯಿಸುವ ಸೆಟ್ಟಿಂಗ್‌ಗಳು) ಇರುವ ಸಿಸ್‌ವಾಲ್ ಫೋಲ್ಡರ್ ತಾನಾಗಿ ನಕಲಾಗುವುದಿಲ್ಲ. ಅವನ್ನು ಕೈಯಾರೆ ತರಬೇಕು. ಲಾಗಿನ್ ದೃಢೀಕರಿಸುವ ಕರ್ಬೆರೋಸ್ ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚಿನ ಸಮಯವ್ಯತ್ಯಾಸವನ್ನು ಸಹಿಸದಿರುವುದರಿಂದ ಗಡಿಯಾರ ಸರಿಹೊಂದಿಸುವ ಕ್ರೋನಿ ಸರಿಯಾಗಿ ಓಡುತ್ತಿರಬೇಕು. ಕಂಟ್ರೋಲರನ್ನೂ ಕಡತಗಳ ಸರ್ವರನ್ನೂ ಬೇರೆಬೇರೆ ವರ್ಚುವಲ್ ಯಂತ್ರಗಳಲ್ಲಿ (ಒಂದೇ ಯಂತ್ರದೊಳಗೆ ತಂತ್ರಾಂಶದಿಂದ ರೂಪಿಸಿದ ಪ್ರತ್ಯೇಕ ಕಂಪ್ಯೂಟರುಗಳಲ್ಲಿ) ಇಡಿ, ಏಕೆಂದರೆ ಎರಡನ್ನೂ ಒಂದರಲ್ಲೇ ಬೆರೆಸುವುದನ್ನು ಸಾಂಬಾ ತಂಡವೇ ಶಿಫಾರಸು ಮಾಡುವುದಿಲ್ಲ.

ಉತ್ತರ 3

ಪ್ರಕಾಶನ ಕಚೇರಿ ಎಂದಿರುವುದರಿಂದ ಒಂದು ವಿಷಯವನ್ನು ಒತ್ತಿ ಹೇಳಲೇಬೇಕು. ನಿಮ್ಮ ಕಡತಗಳಿಗೆ ಕನ್ನಡದಲ್ಲೇ ಉದ್ದುದ್ದ ಹೆಸರುಗಳಿವೆಯೇ? ವಿಂಡೋಸ್‌ನ ಕಡತವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರು 255 ಸಂಕೇತಗಳಷ್ಟು ಉದ್ದವಿರಬಹುದು, ಆದರೆ ಇಎಕ್ಸ್‌ಟಿ4 ಮೊದಲಾದ ಲಿನಕ್ಸ್ ಕಡತವ್ಯವಸ್ಥೆಗಳ ಮಿತಿ 255 ಬೈಟುಗಳು. ಲಿನಕ್ಸ್‌ನಲ್ಲಿ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ವಿಧಾನವಾದ ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ 3 ಬೈಟು ಬೇಕಾಗಿ, ಉಳಿಯುವುದು 85 ಸಂಕೇತಗಳು ಮಾತ್ರ. ಅದರಲ್ಲೂ ಸ್ವರಚಿಹ್ನೆ ಮತ್ತು ಒತ್ತಕ್ಷರಗಳು ಪ್ರತ್ಯೇಕವಾಗಿ ಎಣಿಕೆಯಾಗುತ್ತವೆ: ಕಣ್ಣಿಗೆ ನಾಲ್ಕೇ ಅಕ್ಷರವಾಗಿ ಕಾಣುವ ‘ರಾಜ್ಯೋತ್ಸವ’ 10 ಸಂಕೇತಗಳನ್ನು, ಅಂದರೆ 30 ಬೈಟುಗಳನ್ನು ತೆಗೆದುಕೊಳ್ಳುತ್ತದೆ. ಲೇಖಕರ ಹೆಸರು, ಕೃತಿಯ ಹೆಸರು, ಅಧ್ಯಾಯ, ‘ಎರಡನೆಯ ತಿದ್ದುಪಡಿ’ ಎಲ್ಲವನ್ನೂ ಸೇರಿಸಿ ಹೆಸರಿಟ್ಟ ಕಡತ ಸಲೀಸಾಗಿ ಈ ಮಿತಿಯನ್ನು ದಾಟುತ್ತದೆ ಮತ್ತು ನಕಲಾಗದೆ ಉಳಿಯುತ್ತದೆ. ಹಳೆಯ ಸರ್ವರಿನಲ್ಲೇ ಒಂದು ಸಣ್ಣ ಪವರ್‌ಶೆಲ್ ಸ್ಕ್ರಿಪ್ಟಿನಿಂದ ಪ್ರತಿ ಹೆಸರಿನ ಯುಟಿಎಫ್-8 ಬೈಟುಗಳನ್ನು ಎಣಿಸಿ, ಮಿತಿ ಮೀರಿದವುಗಳನ್ನು ಮೊದಲೇ ಚಿಕ್ಕದಾಗಿಸಿ. ವಿಂಡೋಸ್‌ನ ನಕಲು ಸಾಧನ ರೋಬೋಕಾಪಿ ಬಳಸುವುದಾದರೆ ಮರುಯತ್ನಗಳ ಸಂಖ್ಯೆಯನ್ನು ನೀವೇ ಇಳಿಸಿ, ಏಕೆಂದರೆ ಏನನ್ನೂ ಸೂಚಿಸದಿದ್ದರೆ ಅದು ವಿಫಲವಾದ ನಕಲನ್ನು 30 ಸೆಕೆಂಡುಗಳ ಅಂತರದಲ್ಲಿ 10 ಲಕ್ಷ ಸಲ ಪ್ರಯತ್ನಿಸುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಹೆಸರುಗಳನ್ನು ಎಣಿಸಿ ನೋಡಿದೆ. ಸ್ಮರಣ ಸಂಚಿಕೆಗಳ ಫೋಲ್ಡರಿನಲ್ಲಿ ಮಿತಿ ಮೀರಿದ ಕಡತಗಳು ಸಾಕಷ್ಟಿವೆ, ಅವನ್ನು ಸಂಪಾದಕರೊಡನೆ ಕುಳಿತು ಬದಲಾಯಿಸುತ್ತೇವೆ. ನಮ್ಮ ಹಳೆಯ ಸ್ಕ್ಯಾನರ್ ನೇರವಾಗಿ ಸರ್ವರಿನ ಫೋಲ್ಡರಿಗೇ ಕಡತ ಕಳುಹಿಸುತ್ತದೆ. ಅದಕ್ಕೆ ತೊಂದರೆಯಾಗಬಹುದೇ?

ಉತ್ತರ 1 ಬರೆದವರಿಂದ

ಸ್ಕ್ಯಾನರ್ ಎಸ್‌ಎಂಬಿ1 (ವಿಂಡೋಸ್ ಕಡತ ಹಂಚಿಕೆಯ ಹಳೆಯ ವಿಧಾನ) ಮಾತ್ರ ಬಲ್ಲದ್ದಾದರೆ ತೊಂದರೆಯಾಗುತ್ತದೆ, ಏಕೆಂದರೆ ಸಾಂಬಾ 4.11ರಿಂದ ಆ ವಿಧಾನ ಮೊದಲೇ ನಿಷ್ಕ್ರಿಯವಾಗಿರುತ್ತದೆ. ಒಂದು ಸ್ಕ್ಯಾನರಿಗಾಗಿ ಇಡೀ ಸರ್ವರಿನಲ್ಲಿ ಅದನ್ನು ತೆರೆಯಬೇಡಿ. ಸ್ಕ್ಯಾನರಿನಲ್ಲಿ ಎಫ್‌ಟಿಪಿ (ಕಡತ ಕಳುಹಿಸುವ ಇನ್ನೊಂದು ವಿಧಾನ) ಇದ್ದರೆ, ಕಚೇರಿಯ ಜಾಲದೊಳಗೆ ಮಾತ್ರ ತಲುಪಬಹುದಾದ ಒಂದು ಪ್ರತ್ಯೇಕ ಫೋಲ್ಡರಿಗೆ ಅದರ ಮೂಲಕ ಕಳುಹಿಸುವಂತೆ ಮಾಡಿ.