‘ಉಳಿಸಿ’ ಮತ್ತು ‘ಅಳಿಸಿ’: ಬೇರೆ ಪದ ಇದೆಯಾ?

ನಮಸ್ಕಾರ,

ಸಕಲೇಶಪುರದ ಕಡೆಯ ಆಶಾ ಕಾರ್ಯಕರ್ತೆಯರಿಗೆ ಫೋನು, ಕಂಪ್ಯೂಟರ್ ಬಳಕೆ ಹೇಳಿಕೊಡಲು ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಜೋಡಿ ಪದ ತಲೆ ತಿನ್ನುತ್ತಿದೆ.

ಫೋನನ್ನು ಕನ್ನಡಕ್ಕೆ ಬದಲಿಸಿದರೆ ಸೇವ್ ಇದ್ದ ಕಡೆ ‘ಉಳಿಸಿ’ ಬರುತ್ತದೆ, ಡಿಲೀಟ್ ಇದ್ದ ಕಡೆ ‘ಅಳಿಸಿ’. ಮೊದಲ ಅಕ್ಷರ ಬಿಟ್ಟರೆ ಮಿಕ್ಕಿದ್ದೆಲ್ಲ ಒಂದೇ. ಚಿಕ್ಕ ಸ್ಕ್ರೀನಿನಲ್ಲಿ ಉ, ಅ ಎರಡೂ ದುಂಡಗೇ ಕಾಣುತ್ತವೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದವರ ಗತಿ? ಇದು ಓದು ಬಾರದವರ ಸಮಸ್ಯೆ ಅಲ್ಲ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗಲೇ ಆಶಾ ಆಗುವವರು ಸಾಮಾನ್ಯವಾಗಿ ಎಂಟನೇ ತರಗತಿವರೆಗಾದರೂ ಓದಿರಬೇಕು ಎಂದಿತ್ತು. ತಾಯಿ ಕಾರ್ಡು, ಲಸಿಕೆ ಪಟ್ಟಿ ನೋಡಿ ಪಳಗಿದವರು ಇವರು.

ಅರ್ಥದಲ್ಲೂ ತೊಡಕಿದೆ. ನಾವು ದುಡ್ಡು ಉಳಿಸುತ್ತೇವೆ, ಜೀವ ಉಳಿಸುತ್ತೇವೆ, ತಟ್ಟೆಯಲ್ಲಿ ಅನ್ನ ಉಳಿಸಿದರೆ ಬೈಸಿಕೊಳ್ಳುತ್ತೇವೆ. ಕಾಗದಪತ್ರವನ್ನು ಮಾತ್ರ ‘ಎತ್ತಿಡು’ ಅನ್ನುತ್ತೇವೆ, ಅಲ್ವಾ? ಇನ್ನು ‘ಅಳಿಸು’ ಅಂದರೆ ಸ್ಲೇಟು ಒರೆಸುವುದೂ ಹೌದು, ಅಳುವಂತೆ ಮಾಡುವುದೂ ಹೌದು. ಕೂಸುಗಳಿಗೆ ಚುಚ್ಚುಮದ್ದು ಹಾಕಿಸಲು ಕರೆತರುವವರ ಮುಂದೆ ಈ ಪದ ಇಟ್ಟರೆ ನಗದೇ ಇರುತ್ತಾರಾ!

‘ಅಳಿವು ಉಳಿವು’ ಹಳೆಯ ಜೋಡಿ, ಕೇಳಲು ಚೆಂದ. ಅದೇ ಪ್ರಾಸ ಪಕ್ಕಪಕ್ಕದ ಎರಡು ಬಟನ್‌ಗಳ ಮೇಲೆ ಕೂತರೆ ಅಪಾಯ ಅಂತ ನನ್ನ ವಾದ.

ಸಬ್ಮಿಟ್ ಇದ್ದ ಕಡೆ ಬರುವ ‘ಸಲ್ಲಿಸಿ’ ಬಗ್ಗೆ ತಕರಾರಿಲ್ಲ. ಅರ್ಜಿ ಸಲ್ಲಿಸಿ ಎಲ್ಲರಿಗೂ ಅಭ್ಯಾಸವಿದೆ. ಆದರೆ ಘಟ್ಟದಂಚಿನ ಊರುಗಳಲ್ಲಿ ಸಿಗ್ನಲ್ ಇಲ್ಲದಾಗ ಮಾಹಿತಿ ಮೊದಲು ಫೋನಿನಲ್ಲೇ ಕೂರಬೇಕಾಗುತ್ತದೆ, ಆಮೇಲೆ ಹೋಗಬೇಕು. ಬರೀ ‘ಉಳಿಸಿ’ ಒತ್ತಿ, ಆಸ್ಪತ್ರೆಗೆ ತಲುಪಿತು ಅಂದುಕೊಂಡರೆ ಕಷ್ಟ. ‘ಎತ್ತಿಡಿ’ ಅಂದರೆ ಈ ಗೊಂದಲವೂ ಕಡಿಮೆ. ಎತ್ತಿಟ್ಟಿದ್ದು ಇನ್ನೂ ನಮ್ಮ ಹತ್ತಿರವೇ ಇರುತ್ತದಲ್ಲ.

ಸುಮ್ನೆ ಸೇವ್, ಡಿಲೀಟ್ ಅಂತಲೇ ಬರೆಯಿರಿ ಅನ್ನಬಹುದು. ಮಾತಿನಲ್ಲಿ ಅವರೂ ‘ನಂಬರ್ ಸೇವ್ ಮಾಡ್ಕೊಳ್ಳಿ ಅಕ್ಕ’ ಅನ್ನುವವರೇ. ಆದರೆ ಸ್ಕ್ರೀನಿನಲ್ಲಿ ಒಂದು, ಕೈಪಿಡಿಯಲ್ಲಿ ಇನ್ನೊಂದು ಇದ್ದರೆ ಹುಡುಕಾಟವೇ ಜಾಸ್ತಿ. ಹಾಗಾಗಿ ಸದ್ಯಕ್ಕೆ ಸ್ಕ್ರೀನಿನ ಪದ ಕೊಟ್ಟು, ಪಕ್ಕದಲ್ಲಿ ‘ಎತ್ತಿಡಿ’ ಎಂದು ಬರೆದಿದ್ದೇನೆ. ಡಿಲೀಟ್‌ಗೆ ‘ತೆಗೆದುಹಾಕಿ’ ಹೊಳೆಯಿತು. ಆದರೆ ಅದು ರಿಮೂವ್‌ಗೆ ಆಗಲೇ ಬಳಕೆಯಲ್ಲಿದೆ. ಪಟ್ಟಿಯಿಂದ ತೆಗೆಯುವುದು ಬೇರೆ, ಪೂರ್ತಿ ಇಲ್ಲವಾಗಿಸುವುದು ಬೇರೆ.

ಅರಸೀಕೆರೆ, ಮೂಡಿಗೆರೆ, ಕಡೂರು ಕಡೆಯವರು ಹೇಳಿ: ಕಾಗದ ಜೋಪಾನ ಮಾಡುವುದಕ್ಕೆ ನಿಮ್ಮ ಮನೆಯಲ್ಲಿ ಏನಂತಾರೆ? ‘ಎತ್ತಿಡು’ ಅಂದರೆ ಅಲ್ಲಿ ಬೇರೆ ಅರ್ಥ ಬರುತ್ತದಾ? ಡಿಲೀಟ್‌ಗೆ ‘ಅಳಿಸಿ’ ಬಿಟ್ಟು ಇನ್ನೇನಾದರೂ ಇದೆಯಾ? ಕೈಪಿಡಿ ಇನ್ನೂ ಅಚ್ಚಿಗೆ ಹೋಗಿಲ್ಲ.