ಇಸ್ತಾಂಬುಲ್‌ನಲ್ಲಿ ಉಯ್ಘುರ್ ಊಟ: ಹೋಗಿ ಗೊತ್ತಿರುವವರು ಸ್ವಲ್ಪ ಹೇಳಿ

ಪ್ರಶ್ನೆ

ನಾಲ್ಕು ಜನ ಇಸ್ತಾಂಬುಲ್‌ಗೆ ಹೊರಟಿದ್ದೇವೆ, ಉಳಿಯೋದು ಸುಲ್ತಾನ್ ಅಹ್ಮೆತ್ ಹತ್ತಿರ. ಒಂದು ಹೊತ್ತಾದರೂ ಉಯ್ಘುರ್ (ಚೀನಾದ ಷಿನ್‌ಜಿಯಾಂಗ್ ಕಡೆಯ ಮುಸ್ಲಿಂ ಜನಾಂಗ) ಹೋಟೆಲಿನಲ್ಲಿ ಊಟ ಮಾಡಬೇಕು ಅಂತ ಆಸೆ. ಒಬ್ಬರಿಗೆ ಹಲಾಲ್ ಆಗಲೇಬೇಕು. ಇಬ್ಬರು ಕುರಿ, ಕೋಳಿ ತಿಂತಾರೆ, ದನದ ಮಾಂಸ ಬೇಡ. ನಮ್ಮಕ್ಕ ಸಸ್ಯಾಹಾರಿ, ಮೊಟ್ಟೆ ಪರವಾಗಿಲ್ಲ. ಎಲ್ಲಿಗೆ, ಎಷ್ಟೊತ್ತಿಗೆ ಹೋಗಬೇಕು? ಏನೇನು ಹೇಳಬೇಕು? ಅಕ್ಕನಿಗೆ ಏನಾದ್ರೂ ಸಿಗುತ್ತಾ?

ಊರಲ್ಲೇ ಇರುವವರ ಉತ್ತರ

ಜೈತಿನ್‌ಬುರ್ನು ಸರಿಯಾದ ಜಾಗ. ಉಯ್ಘುರ್ ಕುಟುಂಬಗಳು ಬಹಳ ವರ್ಷದಿಂದ ನೆಲೆಸಿರುವ ಬಡಾವಣೆ ಅದು. ಸುಲ್ತಾನ್ ಅಹ್ಮೆತ್‌ನಿಂದ ಟಿ1 ಟ್ರಾಮ್ ಹತ್ತಿದರೆ ನೇರ ಅಲ್ಲಿಗೇ ಹೋಗುತ್ತೆ. ಸೆಫಾಕೊಯ್‌ನಲ್ಲೂ ಒಳ್ಳೆ ಹೋಟೆಲುಗಳಿವೆ, ಆದ್ರೆ ನೀವಿರೋ ಕಡೆಯಿಂದ ದೂರ.

ಮಧ್ಯಾಹ್ನವೇ ಹೋಗಿ. ಪೋಲೋ, ಅಂದ್ರೆ ಕುರಿಮಾಂಸ ಮತ್ತು ಕ್ಯಾರೆಟ್ ಹಾಕಿದ ಅನ್ನ, ದೊಡ್ಡ ಕಡಾಯಿಯಲ್ಲಿ ಒಂದೇ ಸಲ ಮಾಡಿಡ್ತಾರೆ. ಸಂಜೆ ಹೊತ್ತಿಗೆ ಮುಗಿದಿರುತ್ತೆ, ಉಳಿದಿದ್ರೂ ತಳದ ಅನ್ನ ಒಣಗಿರುತ್ತೆ. ಶುಕ್ರವಾರ ನಮಾಜ್ ಮುಗಿದ ಮೇಲೆ ಒಂದು ಗಂಟೆ ಜಾಗ ಸಿಗೋದು ಕಷ್ಟ. ರಂಜಾನ್ ತಿಂಗಳಾದ್ರೆ ಹಗಲು ಹಲವು ಕಡೆ ಬಾಗಿಲು ಹಾಕಿರ್ತಾರೆ, ಇಫ್ತಾರ್‌ಗೆ ಮುಂಚೆಯೇ ಮೇಜು ಹೇಳಿಟ್ಟಿರಬೇಕು.

ಅಡುಗೆ ಕೆಲಸದವರ ಉತ್ತರ

ಮೆನು ದೊಡ್ಡದಿದೆ ಅಂತ ಎಲ್ಲಾ ಹೇಳಬೇಡಿ, ಪ್ರಮಾಣ ಜಾಸ್ತಿ ಇರುತ್ತೆ. ನಾಲ್ಕು ಜನಕ್ಕೆ ಒಂದು ದಪಾಂಜಿ (ಕೋಳಿ, ಆಲೂಗಡ್ಡೆಯ ಖಾರದ ಪಲ್ಯ), ಒಂದು ಲಗ್ಮನ್ (ಪಲ್ಯ ಸುರಿದ ನೂಡಲ್ಸ್), ಒಂದು ಪೋಲೋ, ನಾಲ್ಕೈದು ಕಡ್ಡಿ ಕವಾಪ್ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ). ಇಷ್ಟರಲ್ಲಿ ಹೊಟ್ಟೆ ತುಂಬಿ ಉಳಿಯುತ್ತೆ.

ಕೂತ ತಕ್ಷಣ ದಪಾಂಜಿ ಹೇಳಿಬಿಡಿ. ಮೂಳೆ ಸಮೇತ ಕತ್ತರಿಸಿದ ಕೋಳಿ, ಆಲೂಗಡ್ಡೆ, ದೊಣ್ಣೆಮೆಣಸು, ಒಣಮೆಣಸಿನಕಾಯಿ, ಚಕ್ರಮೊಗ್ಗು ಎಲ್ಲ ಬೇಯಬೇಕು, ಅರ್ಧ ಗಂಟೆಗಿಂತ ಮೊದಲು ಬರಲ್ಲ. ಹತ್ತೇ ನಿಮಿಷದಲ್ಲಿ ಬಂತು ಅಂದ್ರೆ ಬೇಯಿಸಿಟ್ಟ ಕೋಳಿ ಬಿಸಿ ಮಾಡಿದ್ದು ಅಂತಲೇ ಅರ್ಥ, ಆಲೂಗಡ್ಡೆ ಅಂಚು ಕರಗಿ ರಸಕ್ಕೆ ಸೇರಿರಲ್ಲ. ಮಚ್ಚಿನಲ್ಲಿ ಕೊಚ್ಚಿರೋದ್ರಿಂದ ಮೂಳೆಯ ಚೂರು ಸಿಗುತ್ತವೆ, ಮಕ್ಕಳಿಗೆ ಬಿಡಿಸಿ ಕೊಡಿ. ನಾಲಿಗೆ ಜುಮ್ಮೆಂದರೆ ಗಾಬರಿ ಬೇಡ, ಅದು ಸಿಚುವಾನ್ ಮೆಣಸು, ನಮ್ಮ ಕರಾವಳಿಯ ಜುಮ್ಮನಕಾಯಿಯ ಹತ್ತಿರದ ಸಂಬಂಧಿ. ಕೋಳಿ ಅರ್ಧ ಖಾಲಿಯಾದಾಗ ಅಗಲದ ನೂಡಲ್ಸ್ ಕೇಳಿ. ಮೊದಲೇ ಹಾಕಿಸಿಕೊಂಡ್ರೆ ರಸ ಕುಡಿದು ಮುದ್ದೆಯಾಗುತ್ತೆ.

ಲಗ್ಮನ್‌ನ ನೂಡಲ್ಸ್ ಎಳೆಯನ್ನು ಕೈಯಲ್ಲೇ ಎಳೆಯುತ್ತಾರೆ. ಅರ್ಧ ಕಿಲೋ ಮೈದಾಗೆ ಸುಮಾರು ಕಾಲು ಲೀಟರ್ ನೀರು, ಒಂದು ಚಮಚ ಉಪ್ಪು. ನಾದಿ ಬಿಟ್ಟು, ಹಗ್ಗದ ಹಾಗೆ ಹೊಸೆದು, ಎಣ್ಣೆ ಸವರಿ ತಟ್ಟೆಯಲ್ಲಿ ಸುರುಳಿ ಸುತ್ತಿ ಇನ್ನೊಂದು ಗಂಟೆಯಾದರೂ ಬಿಡಬೇಕು. ಆ ಬಿಡುವು ಸಾಲದಿದ್ರೆ ಎಳೆಯುವಾಗ ತುಂಡಾಗುತ್ತೆ. ಆರ್ಡರ್ ಬಂದ ಮೇಲೆ ಎರಡೂ ಕೈಗೆ ಸುತ್ತಿ, ಹಲಗೆಗೆ ಬಡಿದು ಎಳೆದು, ಎರಡು ಮೂರು ನಿಮಿಷ ಕುದಿಸಿ, ತಣ್ಣೀರಲ್ಲಿ ತೊಳೆದು ಮೇಲೆ ಪಲ್ಯ ಸುರೀತಾರೆ. ಹಲಗೆಗೆ ಬಡಿಯೋ ಸದ್ದು ಅಡುಗೆಮನೆಯಿಂದ ಕೇಳಿಸಿದ್ರೆ ಆ ಹೋಟೆಲನ್ನು ಧೈರ್ಯವಾಗಿ ನಂಬಬಹುದು. ತಟ್ಟೆ ಬಂದ ಕೂಡಲೇ ಕೆಳಗಿನಿಂದ ಎತ್ತಿ ಕಲಸಿ. ಫೋಟೋ ತೆಗೀತಾ ಹತ್ತು ನಿಮಿಷ ಬಿಟ್ರೆ ಎಳೆ ಒಂದಕ್ಕೊಂದು ಅಂಟಿಕೊಳ್ಳುತ್ತೆ. ಪಲ್ಯ ಉಳಿದ್ರೆ ಇನ್ನಷ್ಟು ಎಳೆ ಕೇಳಿ, ಹಲವು ಕಡೆ ಹಾಗೇ ಕೊಡ್ತಾರೆ.

ದನದ ಮಾಂಸ, ಹಲಾಲ್ ಬಗ್ಗೆ

ಹಲಾಲ್ ಅಂದ ಮಾತ್ರಕ್ಕೆ ಕುರಿ ಅಂತಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. ಲಗ್ಮನ್ ಪಲ್ಯಕ್ಕೂ ಮಾಂತಾ (ಹಬೆಯ ಕಡುಬು) ಹೂರಣಕ್ಕೂ ದನದ ಮಾಂಸ ಹಾಕೋರು ಬೇಕಾದಷ್ಟಿದ್ದಾರೆ. ತುರ್ಕಿಯಲ್ಲಿ ಕುಜು ಅಂದ್ರೆ ಕುರಿಮರಿ, ತಾವುಕ್ ಕೋಳಿ, ದಾನಾ ಅಂದ್ರೆ ದನದ ಮಾಂಸ. ಪ್ರತಿ ತಿಂಡಿಗೂ ಬೇರೆ ಬೇರೆ ಕೇಳಿ, "ದಾನಾ ವರ್ ಮಿ?" ಅಂದ್ರೆ ಸಾಕು. ಒಂದರಲ್ಲಿ ಕುರಿ ಇದ್ರೆ ಇನ್ನೊಂದರಲ್ಲೂ ಅದೇ ಅಂತ ಅಂದುಕೊಳ್ಳಬೇಡಿ.

ಹಲಾಲ್ ಬೇಕಾದವರಿಗೆ ಅಲ್ಲಿ ಚಿಂತೆ ಕಡಿಮೆ. ಹಂದಿ ಇರಲ್ಲ, ಮದ್ಯವನ್ನೂ ಸಾಮಾನ್ಯವಾಗಿ ಇಡಲ್ಲ. ಇದೇ ಊಟ ಬೇರೆ ದೇಶದಲ್ಲಿ ಮಾಡುವಾಗ ಮಾತ್ರ ಹುಷಾರು. ದಪಾಂಜಿಗೆ ಬಿಯರ್ ಸುರಿಯೋ ಚೀನೀ ಅಡುಗೆಮನೆಗಳಿವೆ, ಬಾಣಲೆಗೆ ಅಕ್ಕಿ ಮದ್ಯ ಚಿಮುಕಿಸೋದೂ ಅಲ್ಲಿ ಮಾಮೂಲು. ಸಿಂಗಾಪುರದಲ್ಲಾದ್ರೆ ಮುಯಿಸ್, ಮಲೇಷ್ಯಾದಲ್ಲಾದ್ರೆ ಜಾಕಿಮ್ ಅನ್ನೋ ಇಸ್ಲಾಮಿಕ್ ಸಂಸ್ಥೆ ಕೊಟ್ಟ ಹಲಾಲ್ ಪ್ರಮಾಣಪತ್ರ ಗೋಡೆಯಲ್ಲಿದೆಯಾ ನೋಡಿ.

ಅಕ್ಕನವರಿಗೆ

ಸಿಗುತ್ತೆ, ಆದ್ರೆ ಕೇಳಿ ಮಾಡಿಸಿಕೊಳ್ಳಬೇಕು. ಪೋಲೋದಿಂದ ಮಾಂಸ ಆರಿಸಿ ಪಕ್ಕಕ್ಕಿಟ್ರೆ ಸಸ್ಯಾಹಾರ ಆಗಲ್ಲ, ಅಕ್ಕಿ ಬೆಂದಿದ್ದೇ ಆ ಕೊಬ್ಬಿನ ರಸದಲ್ಲಿ. ಕುಂಬಳಕಾಯಿ ಮಾಂತಾ ಅಂತ ಕಂಡ್ರೂ ಮೋಸ ಹೋಗಬೇಡಿ, ಹೂರಣಕ್ಕೆ ಕುರಿ ಬಾಲದ ಕೊಬ್ಬು ಬೆರೆಸಿರ್ತಾರೆ.

ಎಳೆ ಬೇಯೋದು ಬರೀ ನೀರಲ್ಲಿ, ಆದ್ದರಿಂದ ಲಗ್ಮನ್ ಮೇಲೆ ಮೊಟ್ಟೆ ಟೊಮೆಟೊ ಪಲ್ಯ ಹಾಕಿಸಿಕೊಳ್ಳೋದು ಒಳ್ಳೆ ದಾರಿ. ಹೇಳುವಾಗ ಮೂರು ಮಾತು ಸೇರಿಸಿ: ಎತ್‌ಸಿಜ್ (ಮಾಂಸ ಬೇಡ), ಎತ್ ಸುಯು ಯೋಕ್ (ಮಾಂಸದ ಸಾರು ಬೇಡ), ಕುಯ್ರುಕ್ ಯಾ ಯೋಕ್ (ಬಾಲದ ಕೊಬ್ಬು ಬೇಡ). ಮೊದಲನೆಯದನ್ನಷ್ಟೇ ಹೇಳಿದ್ರೆ ತುಂಡು ತೆಗೆದು ಸಾರು ಬಿಟ್ಟಿರ್ತಾರೆ. ಲೆಂಗ್‌ಪುಂಗ್ ಸಹ ಕೇಳಿ. ಪಿಷ್ಟ ಕಾಯಿಸಿ ಆರಿಸಿ ಉದ್ದಕ್ಕೆ ಕತ್ತರಿಸಿದ ತಣ್ಣನೆ ತಿಂಡಿ, ಮೇಲೆ ವಿನೆಗರ್, ಬೆಳ್ಳುಳ್ಳಿ, ಮೆಣಸಿನೆಣ್ಣೆ. ಬೇಸಿಗೆಗೆ ಬಹಳ ಹಿತ. ಬಾಣಲೆ ಮಾತ್ರ ಎಲ್ಲದಕ್ಕೂ ಒಂದೇ. ಅದೂ ಆಗಲ್ಲ ಅನ್ನೋರು ಲೆಂಗ್‌ಪುಂಗ್, ನಾನ್, ಚಹಾದಲ್ಲೇ ಊಟ ಮುಗಿಸೋದು ಸರಿ. ಚಹಾ ಹೇಳುವಾಗ ಎತ್ಕೆನ್ ಚಾಯ್ ಅಂದ್ರೆ ಉಪ್ಪು ಹಾಕಿದ ಹಾಲಿನ ಚಹಾ ಬರುತ್ತೆ, ಸಕ್ಕರೆ ನಿರೀಕ್ಷಿಸಬೇಡಿ.

ಇದನ್ನೂ ಗಮನದಲ್ಲಿಡಿ

ಹೋಟೆಲಿನವರ ಮುಖ ಬರೋ ಹಾಗೆ ಫೋಟೋ, ವಿಡಿಯೊ ಬೇಡ. ಕೇಳಿ, ಒಪ್ಪಿದ್ರೆ ಮಾತ್ರ ತೆಗೀರಿ. ಊರಲ್ಲಿ ಯಾರಿದ್ದಾರೆ, ಫೋನ್ ಮಾಡ್ತಾರಾ ಅಂತಲೂ ನೀವಾಗಿ ಕೆದಕಬೇಡಿ. ಷಿನ್‌ಜಿಯಾಂಗ್‌ನಲ್ಲಿ ಉಯ್ಘುರರನ್ನು ಸಾಮೂಹಿಕವಾಗಿ ಬಂಧನದಲ್ಲಿಟ್ಟಿದ್ದನ್ನು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯೇ 2022ರ ಆಗಸ್ಟ್ 31ರ ವರದಿಯಲ್ಲಿ ದಾಖಲಿಸಿದೆ. ಇಲ್ಲಿ ಹೊರಬಿದ್ದ ಒಂದು ಚಿತ್ರದಿಂದ ಅಲ್ಲಿರೋ ಬಂಧುಗಳಿಗೆ ತೊಂದರೆ ಆಗಬಹುದು ಅನ್ನೋ ಭಯ ಅವರಿಗೆ ನಿಜವಾಗಿಯೂ ಇದೆ. ತಟ್ಟೆಯ ಫೋಟೋ ಎಷ್ಟು ಬೇಕಾದ್ರೂ ತೆಗೀರಿ. ಅವರೇ ಮಾತು ತೆಗೆದ್ರೆ ಕೂತು ಕೇಳಿ.

ಕೈಗೆ ನೀರು ಹಾಕಿದ್ರೆ ಒದರಬೇಡಿ, ಬಟ್ಟೆಯಲ್ಲಿ ಒರೆಸಿಕೊಳ್ಳಿ. ನಾನ್ ಬೋರಲು ಹಾಕಬೇಡಿ. ಹೊರಡುವಾಗ "ರೆಹ್ಮೆತ್" ಅಂದ್ರೆ ಧನ್ಯವಾದ.

ಕೇಳಿದವರು

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಉಳಿದದ್ದು ಕಟ್ಟಿಸಿಕೊಂಡು ರೂಮಿಗೆ ತರಬಹುದಾ?

ಅಡುಗೆ ಕೆಲಸದವರು

ಪೋಲೋ, ದಪಾಂಜಿ ತರಬಹುದು, ರಾತ್ರಿಗೇ ಮುಗಿಸಿ. ಲಗ್ಮನ್ ಬೇಡ. ತರಲೇಬೇಕು ಅಂದ್ರೆ ಎಳೆ ಬೇರೆ, ಪಲ್ಯ ಬೇರೆ ಕಟ್ಟಿಸಿ, ಎಳೆಯನ್ನು ಬಿಸಿನೀರಲ್ಲಿ ಅರ್ಧ ನಿಮಿಷ ಅದ್ದಿ ತೆಗೀರಿ. ಗಿರ್ದೆ ನಾನ್ (ದಪ್ಪನೆ ದುಂಡು ರೊಟ್ಟಿ) ಮರುದಿನಕ್ಕೂ ಬರುತ್ತೆ, ಸಮ್ಸಾ (ಮಾಂಸ ತುಂಬಿ ಸುಟ್ಟ ತಿಂಡಿ) ಫ್ರಿಜ್‌ನಲ್ಲಿಟ್ರೆ ಮಾತ್ರ. ನಾನ್ ಗಟ್ಟಿಯಾಗಿದ್ರೆ ನೀರು ಚಿಮುಕಿಸಿ, ಮುಚ್ಚಿದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ. ಸಮ್ಸಾಗೆ ನೀರು ಸೋಕಿಸಬೇಡಿ, ಮೇಲ್ಪದರ ಮೆತ್ತಗಾಗುತ್ತೆ.